ಮಳೆಗಿಂತ ಮೊದಲೇ ಹೊಳೆ ಏರಿದರೆ

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಮನೆಯಿಂದಲೇ ಕೆಲಸ. ಮಳೆ ಮತ್ತು ಹೊಳೆ ನೀರಿನ ಲೆಕ್ಕ ಮಾಡುವ ಓಪನ್ ಸೋರ್ಸ್ ಸಾಫ್ಟ್‌ವೇರ್ ತಂಡದಲ್ಲಿ ಎಂಟು ತಿಂಗಳಿಂದ ಜೂನಿಯರ್ ಡೆವಲಪರ್ ಆಗಿದ್ದೇನೆ. ನನ್ನ ಕೋಡನ್ನು ಸೇರಿಸಿಕೊಳ್ಳಿ ಎಂದು ಕಳಿಸಿದ ಮೊದಲ ಪುಲ್ ರಿಕ್ವೆಸ್ಟ್‌ಗೆ ನಮ್ಮ ಹಿರಿಯ ವಿಜ್ಞಾನಿ 41 ಕಾಮೆಂಟ್ ಹಾಕಿದ್ದರು. ಅವತ್ತು ಊಟ ಸೇರಲಿಲ್ಲ. ಈಗ ಅವರೇ ಬರೆದ ಹಳೇ ಕೋಡಿನಲ್ಲಿ ನನಗೊಂದು ತಪ್ಪು ಕಂಡಿದೆ. ಹವಾಮಾನ ಇಲಾಖೆಯ ದಿನದ ಮಳೆಯನ್ನು ಅದು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಎಣಿಸುತ್ತದೆ. ಗ್ರಾಫಿನಲ್ಲಿ ಮಳೆಗಿಂತ ಮೊದಲೇ ಹೊಳೆ ಏರುತ್ತದೆ! ಅಪ್ಪಯ್ಯ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆದು ಬರೆದಿಡುತ್ತಾರೆ, ಅದರಿಂದ ಗೊತ್ತಾಯಿತು. ಆ ಕೋಡ್ ಬಳಸಿ ಪ್ರಬಂಧಗಳೂ ಬಂದಿವೆ. ಹೇಳಿದರೆ ಅಧಿಕಪ್ರಸಂಗ ಆಗುತ್ತದಾ? ಮಾರ್ಚ್‌ಗೆ ನನ್ನ ಗುತ್ತಿಗೆ ಮುಗಿಯುತ್ತದೆ.
– ಹೆಸರು ಬೇಡ

ತಂಗೀ, ಮೊದಲು ಅಪ್ಪಯ್ಯನಿಗೆ ನನ್ನದೊಂದು ನಮಸ್ಕಾರ ಹೇಳು. ಅಂಗಳದ ಡಬ್ಬಿ, ಜಗಲಿಯ ಡೈರಿ ಇಷ್ಟು ದೂರ ಕೆಲಸಕ್ಕೆ ಬರುತ್ತವೆ ಅಂತ ಅವರೂ ಅಂದುಕೊಂಡಿರಲಿಕ್ಕಿಲ್ಲ.

ನೀನು ಹಿಡಿದದ್ದು ಸರಿ. ಇಲಾಖೆಯ ಲೆಕ್ಕದಲ್ಲಿ ಜುಲೈ 12ರ ಮಳೆ ಎಂದರೆ 11ರ ಬೆಳಿಗ್ಗೆ 8.30ರಿಂದ 12ರ ಬೆಳಿಗ್ಗೆ 8.30ರ ತನಕ ಬಿದ್ದದ್ದು. ಅದನ್ನೇ 12ರ ಮಧ್ಯರಾತ್ರಿಯಿಂದ ಎಣಿಸಲು ಹೊರಟರೆ ಮಳೆ ಹದಿನೈದೂವರೆ ಗಂಟೆ ತಡವಾಗಿ ಬಂದಂತಾಯಿತು. ತಿಂಗಳ ಒಟ್ಟು ಮಳೆ ಕೂಡಿಸುವವರಿಗೆ ಇದು ಗೊತ್ತೇ ಆಗುವುದಿಲ್ಲ. ಆದರೆ ನಮ್ಮ ಅಘನಾಶಿನಿಯನ್ನು ನೋಡು. ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ, ಘಟ್ಟ ಇಳಿದು, ಕುಮಟಾದ ಹತ್ತಿರ ಕಡಲು ಸೇರುತ್ತದೆ. ನಡುವೆ ನೀರು ಹಿಡಿದಿಡಲು ದೊಡ್ಡ ಅಣೆಕಟ್ಟಿಲ್ಲ. ಅಂಥ ಗಿಡ್ಡ ಹೊಳೆಯ ನೆರೆ ಲೆಕ್ಕದಲ್ಲಿ ಅರ್ಧ ದಿನ ಆಚೀಚೆ ಆದರೆ ಉಳಿಯುವುದೇನು?

ನಾನೂ ಬೆಂಗಳೂರಿನಲ್ಲಿ ಇದೇ ಕೆಲಸ ಮಾಡಿ ಕುಮಟಾಕ್ಕೆ ವಾಪಸ್ ಬಂದವಳು. ಕೆಲಸಕ್ಕೆ ಸೇರಿದ ಎರಡನೇ ವರ್ಷ ತಂಡದ ಲೀಡ್ ಬರೆದ ಕೋಡಿನಲ್ಲಿ ಒಂದು ತಪ್ಪು ನೋಡಿದ್ದೆ. ಅವರಿಗೆ ಗೊತ್ತಿಲ್ಲದೆ ಇರುತ್ತದಾ ಅಂತ ಸುಮ್ಮನಾದೆ. ಮೂರು ತಿಂಗಳ ಮೇಲೆ ಗಿರಾಕಿಯೇ ಅದನ್ನು ಹಿಡಿದ. ‘ನಿಂಗೆ ಕಂಡಿತ್ತಾ?’ ಎಂದು ಲೀಡ್ ಕೇಳಿದರು. ಇಲ್ಲ ಎಂದೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ.

ನಿನ್ನ ಹಾಗೆ ಸಿಕ್ಕಿಕೊಂಡ ಇನ್ನೊಬ್ಬರ ಕತೆ ಕೇಳು. 2014ರಲ್ಲಿ ಪ್ರಕಟವಾದ ಒಂದು ಪೈಥಾನ್ ಸ್ಕ್ರಿಪ್ಟನ್ನು, ಅಂದರೆ ಸಣ್ಣ ಪ್ರೋಗ್ರಾಮನ್ನು, ರಸಾಯನಶಾಸ್ತ್ರದವರು ನೆಚ್ಚಿಕೊಂಡಿದ್ದರು. 2019ರಲ್ಲಿ ಹವಾಯಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಯುಹೆಂಗ್ ಲುವೋಗೆ ಲೆಕ್ಕ ತಾಳೆಯಾಗಲಿಲ್ಲ. ಅದೇ ಡೇಟಾ, ಕಂಪ್ಯೂಟರ್ ಬದಲಾದರೆ ಉತ್ತರವೂ ಬೇರೆ. ಕಡತಗಳು ಯಾವಾಗಲೂ ಒಂದೇ ಕ್ರಮದಲ್ಲಿ ಬರುತ್ತವೆ ಎಂದು ಸ್ಕ್ರಿಪ್ಟ್ ನಂಬಿತ್ತು. ಆ ಕ್ರಮವೋ, ಆಪರೇಟಿಂಗ್ ಸಿಸ್ಟಂಗೊಂದು ಥರ. ನೂರಕ್ಕೂ ಹೆಚ್ಚು ಪ್ರಬಂಧಗಳ ಮೇಲೆ ಅನುಮಾನ ಬಂತು. ಲುವೋ, ಅವರ ಮೇಷ್ಟ್ರು ಮತ್ತು ಜೊತೆಯವರು ಅದನ್ನು ಬರೆದು ಪ್ರಕಟಿಸಿದರು. ಸ್ಕ್ರಿಪ್ಟ್ ಬರೆದವರು ಜಗಳಕ್ಕೆ ಬರಲಿಲ್ಲ, ಥ್ಯಾಂಕ್ಸ್ ಹೇಳಿದರು.

ನಿಮ್ಮ ಸರ್ ಹೇಗೋ, ನನಗೆ ಗೊತ್ತಿಲ್ಲ. ಆದರೆ ಹೊಸಬಳ ಕೋಡನ್ನು ಸಾಲು ಸಾಲು ಓದಿ 41 ಕಡೆ ಬರೆಯಲು ಒಂದು ಮಧ್ಯಾಹ್ನವಾದರೂ ಹೋಗಿರುತ್ತದೆ. ತಲೆಕೆಡಿಸಿಕೊಳ್ಳದವರು ‘ಓಕೆ’ ಒತ್ತಿ ಚಾ ಕುಡಿಯಲು ಹೋಗುತ್ತಾರೆ!

ಹೇಳುವ ರೀತಿ ಮಾತ್ರ ನೋಡಿಕೋ. ಮೊದಲು ಹತ್ತು ದಿನದ ಸಣ್ಣ ಉದಾಹರಣೆ ಮಾಡು. ಎಂಟು ದಿನ ಒಣ, ನಡುವೆ ಎರಡು ದಿನ ಜೋರು ಮಳೆ ಇರಲಿ. ಅದಕ್ಕೊಂದು ಟೆಸ್ಟ್, ಅಂದರೆ ಕೋಡಿನ ಉತ್ತರ ಸರಿಯಾ ಎಂದು ನೋಡುವ ಸಣ್ಣ ಪ್ರೋಗ್ರಾಂ, ಬರೆ. ಈಗಿನ ಕೋಡಿನಲ್ಲಿ ಅದು ಫೇಲ್ ಆಗಬೇಕು. ಆಮೇಲೆ ಸರ್‌ಗೆ ಮಾತ್ರ ಒಂದು ಮೆಸೇಜ್: ‘ಸರ್, ಈ ಫಂಕ್ಷನ್ ದಿನವನ್ನು ಮಧ್ಯರಾತ್ರಿಯಿಂದ ಎಣಿಸುತ್ತಿದೆ. ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ. ಟೆಸ್ಟ್ ಜೊತೆಗಿದೆ. ನಾನೇ ತಪ್ಪು ತಿಳಿದಿದ್ದರೆ ಹೇಳಿ.’ ಅಷ್ಟು ಸಾಕು. ‘ಕ್ಷಮಿಸಿ ಸರ್, ನಾನಿನ್ನೂ ಕಲಿಯುವವಳು’ ಅಂತೆಲ್ಲ ಸೇರಿಸಬೇಡ. ಅದನ್ನು ಓದಿ ಮೊದಲು ನಿನಗೆ ಸಮಾಧಾನ ಹೇಳಬೇಕಾಗುತ್ತದೆ, ಪಾಪ ಅವರು.

ನಾಲ್ಕು ದಿನ ಉತ್ತರ ಬರದಿದ್ದರೆ ಎಲ್ಲರಿಗೂ ಕಾಣುವ ಹಾಗೆ ಇಶ್ಯೂ ತೆರೆ, ಅಂದರೆ ಪ್ರಾಜೆಕ್ಟ್ ಪುಟದಲ್ಲಿ ತಪ್ಪನ್ನು ಬರೆದು ಹಾಕು. ಇದನ್ನು ಇಳಿಸಿಕೊಂಡು ಬಳಸುವವರು ಎಲ್ಲೆಲ್ಲೋ ಇದ್ದಾರೆ, ಅವರಿಗೂ ತಿಳಿಯಬೇಕಲ್ವಾ? ಸದ್ದಿಲ್ಲದೆ ತಿದ್ದೋಣ ಎಂದು ಯಾರಾದರೂ ಅಂದರೆ ಒಪ್ಪಬೇಡ. ಯಾವ ಆವೃತ್ತಿಯಿಂದ ಯಾವ ಆವೃತ್ತಿವರೆಗೆ ತಪ್ಪಿತ್ತು ಎಂದು ಹೊಸ ಆವೃತ್ತಿಯ ಜೊತೆ ಕೊಡುವ ರಿಲೀಸ್ ನೋಟ್ಸ್‌ನಲ್ಲಿ ಬರಲೇಬೇಕು. ಹಳೇ ಪ್ರಬಂಧಗಳ ಲೆಕ್ಕವನ್ನು ಅವುಗಳನ್ನು ಬರೆದವರು ಮತ್ತೆ ಮಾಡಿ ನೋಡಲಿ. ಆ ಭಾರ ನೀನು ಹೊರಬೇಡ.

ಗುತ್ತಿಗೆಯ ಮಾತನ್ನು ಇದರ ಜೊತೆ ಕಲಸಬೇಡ. ಮುಂದೆ ಅನುದಾನ ಇದೆಯಾ ಎಂದು ಜನವರಿಯಲ್ಲೇ ನೇರವಾಗಿ ಕೇಳು, ಮಾರ್ಚ್ ತನಕ ಕಾಯಬೇಡ. ಸಾಫ್ಟ್‌ವೇರನ್ನು ಬಳಸಿದವರು ಯಾರ ಹೆಸರು ಉಲ್ಲೇಖಿಸಬೇಕು ಎಂದು ಹೇಳುವ ಕಡತದಲ್ಲಿ ನಿನ್ನ ಹೆಸರಿದೆಯಾ ನೋಡು, ಇಲ್ಲದಿದ್ದರೆ ಸೇರಿಸಲು ಹೇಳು. ಬೇರೆ ಕಡೆ ಕೆಲಸ ಕೇಳುವಾಗ ತೋರಿಸಲು ಬೇಕಾಗುತ್ತದೆ.

ಆ ಟೆಸ್ಟಿನಲ್ಲಿ ಡೈರಿಯ ಅಂಕಿ ಬಳಸುವುದಾದರೆ ಅಪ್ಪಯ್ಯನನ್ನು ಒಂದು ಮಾತು ಕೇಳಿಬಿಡು. ಮೆಸೇಜ್ ಇವತ್ತೇ ಕಳಿಸು. ಇಲ್ಲಿ ಗಾಳಿ ಜೋರಾಗಿದೆ, ಘಟ್ಟದ ಮೇಲೆ ಸಂಜೆಗೆ ಕರೆಂಟ್ ಇರುತ್ತದೋ ಇಲ್ಲವೋ.