ಹೆಸರು ಹೇಳಿದರೆ ಪ್ರಾಣ ಹೋಗುತ್ತಿದ್ದ ಕಾಲವನ್ನು ಎರಡೇ ಸಾಲಿನಲ್ಲಿ ದಾಟಬೇಡಿ

ಪ್ರಿಯ ಬರಹಗಾರರೇ,

‘ಮ್ಯಾಕ್‌ಗ್ರೆಗರ್: ಒಂದು ರಾಜವಂಶದ ಹೆಸರು’ ಎಂಬ, ಸ್ಕಾಟ್ಲೆಂಡಿನ ಮ್ಯಾಕ್‌ಗ್ರೆಗರ್ ಕುಲದ ಬಗೆಗಿನ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಬಿಟ್ಟುಬಿಡಿ ಎನ್ನಲೂ ಮನಸ್ಸಿಲ್ಲ. ಮೂರನೇ ಪುಟದಲ್ಲಿ ‘ಕೆಲಕಾಲ ಈ ಹೆಸರಿಗೆ ನಿಷೇಧವಿತ್ತು’ ಎಂದು ಬರೆದು ಮುಂದೆ ಹೋಗಿದ್ದೀರಲ್ಲ, ನಿಮ್ಮ ಲೇಖನ ಇರುವುದೇ ಅಲ್ಲಿ. ಕೆಲಕಾಲ ಅಲ್ಲ ಸ್ವಾಮಿ! 1603ರಿಂದ 1661, ಮತ್ತೆ 1693ರಿಂದ 1774. ಕೂಡಿಸಿದರೆ ಹತ್ತಿರ ಹತ್ತಿರ 140 ವರ್ಷ.

ಮೊದಲ ಎರಡು ಪುಟ ತೆಗೆದುಬಿಡಿ. ಸ್ಕಾಟ್ಲೆಂಡಿನ ಬೆಟ್ಟ, ಮಂಜು, ವಿಸ್ಕಿ, ಬ್ಯಾಗ್‌ಪೈಪ್ ಎಲ್ಲ ಓದುಗರಿಗೆ ಗೊತ್ತು. ರಾಜವಂಶದ ಮಾತೂ ತೊಂದರೆಯದೇ. ಒಂಬತ್ತನೇ ಶತಮಾನದ ದೊರೆ ಕೆನೆತ್ ಮ್ಯಾಕ್‌ಆಲ್ಪಿನ್‌ನ ತಮ್ಮ ಗ್ರಿಗೊರ್‌ನೇ ಮೂಲಪುರುಷ ಎಂದು ಖಡಾಖಂಡಿತವಾಗಿ ಬರೆದಿದ್ದೀರಿ. ಅದು ಮನೆತನದವರು ಹೇಳಿಕೊಂಡು ಬಂದ ಕಥೆ. ‘ನನ್ನ ಕುಲ ರಾಜಕುಲ’ ಎನ್ನುವುದು ಅವರ ಘೋಷವಾಕ್ಯ ಕೂಡ. ಕಥೆಯನ್ನು ಕಥೆ ಅಂತಲೇ ಹೇಳಿ, ಚೆಂದವಾಗಿಯೇ ಇರುತ್ತದೆ. ಸ್ವಲ್ಪ ಗಟ್ಟಿ ನೆಲ ಸಿಗುವುದು 14ನೇ ಶತಮಾನದ ಒಬ್ಬ ಗ್ರೆಗರ್‌ನಿಂದ ಈಚೆಗೆ, ಗ್ಲೆನ್ ಆರ್ಕಿ ಕಣಿವೆಯಲ್ಲಿ. ಆ ಗ್ರೆಗರ್‌ನ ಮಕ್ಕಳು ಮ್ಯಾಕ್‌ಗ್ರೆಗರ್‌ಗಳಾದರು. ಆ ಜಮೀನು ಕ್ಯಾಂಬೆಲ್ ಮನೆತನದ ಕೈಸೇರಿತು. ನೆಲ ಹೋದವರು ಕತ್ತಿಯ ಬಲದಲ್ಲಿ ಬದುಕಿದರು. ಈ ಕಾರಣ ಹೇಳದೆ ಅವರನ್ನು ‘ಹುಟ್ಟಾ ದರೋಡೆಕೋರರು’ ಎಂದಿದ್ದೀರಿ, ಅದು ನ್ಯಾಯ ಅಲ್ಲ.

ಇನ್ನು ಅಸಲು ವಿಷಯ. 1603ರ ಫೆಬ್ರವರಿ 7ರಂದು ಲೋಕ್ ಲೋಮಂಡ್ ಸರೋವರದ ಹತ್ತಿರ, ಗ್ಲೆನ್ ಫ್ರೂಯಿನ್‌ನಲ್ಲಿ, ಮ್ಯಾಕ್‌ಗ್ರೆಗರ್‌ಗಳು ಕಹೂನ್ ಮನೆತನದವರನ್ನು ಸೋಲಿಸಿ ತುಂಬಾ ಜನರನ್ನು ಕೊಂದರು. (ನೀವು ಅಕ್ಷರ ನೋಡಿ ‘ಕೋಲ್ಕ್ವುಹೌನ್’ ಮಾಡಿದ್ದೀರಿ. ಉಚ್ಚಾರ ಕಹೂನ್.) ಏಪ್ರಿಲ್ 3ಕ್ಕೆ ಆಜ್ಞೆ ಹೊರಟಿತು: ಈ ಹೆಸರು ಇನ್ನು ಇರಕೂಡದು, ಇಟ್ಟುಕೊಂಡವನಿಗೆ ಮರಣದಂಡನೆ. ಇಂಗ್ಲೆಂಡಿನ ಕಿರೀಟ ತೊಡಲು ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ ರಾಜಧಾನಿ ಎಡಿನ್‌ಬರೋ ಬಿಟ್ಟದ್ದು ಇದಾದ ಎರಡೇ ದಿನಕ್ಕೆ. ಊರು ಬಿಡುವ ಗಡಿಬಿಡಿಯಲ್ಲೂ ದೊರೆ ಈ ಒಂದು ಹೆಸರನ್ನು ಮರೆಯಲಿಲ್ಲ, ನೋಡಿ. ಲೇಖನ ಇಲ್ಲಿಂದ ಶುರುವಾಗಲಿ.

ಕುಲದ ನಾಯಕ ಅಲಸ್ಟೇರ್ ಏನಾದ ಅಂತ ನೀವು ಹೇಳಿಯೇ ಇಲ್ಲ. ಆರ್ಗೈಲ್‌ನ ಅರ್ಲ್ (ದೊಡ್ಡ ಸಾಮಂತ, ಕ್ಯಾಂಬೆಲ್ ಕುಲದ ನಾಯಕ) ಅವನಿಗೆ, ‘ಶರಣಾಗು, ಇಂಗ್ಲೆಂಡಿಗೆ ದಾಟಿಸುತ್ತೇನೆ’ ಎಂದು ಮಾತು ಕೊಟ್ಟ. ಮಾತಿನಂತೆ ಗಡಿ ದಾಟಿಸಿ ಬೆರಿಕ್‌ಗೆ ಕರೆದೊಯ್ದರು. ಮಾತು ಉಳಿಯಿತು ಅಂದುಕೊಂಡು ಅಲ್ಲಿಂದಲೇ ವಾಪಸ್ ಎಳೆದುಕೊಂಡು ಬಂದರು! 1604ರ ಜನವರಿಯಲ್ಲಿ ಎಡಿನ್‌ಬರೋದಲ್ಲಿ ಗಲ್ಲಿಗೇರಿಸಿದರು. ಇದಕ್ಕೆ ನಿಮ್ಮ ವಿಶೇಷಣ ಬೇಡ. ನಡೆದದ್ದನ್ನು ನಡೆದ ಹಾಗೆ ಹೇಳಿ, ಸಾಕು.

1613ರಲ್ಲಿ, ಹಿಂದೆ ಮ್ಯಾಕ್‌ಗ್ರೆಗರ್ ಆಗಿದ್ದವರು ನಾಲ್ಕು ಜನರಿಗಿಂತ ಹೆಚ್ಚು ಸೇರುವಂತಿಲ್ಲ ಎಂಬ ಕಟ್ಟಳೆ ಬಂತು. ಜನ ಏನು ಮಾಡಬೇಕು? ಮರ್ರೆ, ಡ್ರಮಂಡ್, ಗ್ರೇಯಮ್, ಸ್ಟುವರ್ಟ್ ಆದರು. ಕೆಲವರು ವೈರಿಯ ಹೆಸರನ್ನೇ ಇಟ್ಟುಕೊಂಡು ಕ್ಯಾಂಬೆಲ್ ಆದರು. 1671ರಲ್ಲಿ ಹುಟ್ಟಿದ, ಈ ಕುಲದ ಪ್ರಸಿದ್ಧ ಬಂಡುಕೋರ ರಾಬ್ ರಾಯ್ ಕೂಡ 1693ರಲ್ಲಿ ನಿಷೇಧ ಮರಳಿದ ಮೇಲೆ ತಾಯಿಯ ಕಡೆಯ ಕ್ಯಾಂಬೆಲ್ ಹೆಸರನ್ನೇ ಬಳಸಿದ. ಅವನಿಗೆ ಒಂದು ಪೂರ್ತಿ ಪುಟ ಕೊಟ್ಟಿದ್ದೀರಿ, ಈ ಸಂಗತಿಯೊಂದನ್ನು ಬಿಟ್ಟು!

1774ರಲ್ಲಿ ಕಾಯ್ದೆ ಪೂರ್ತಿ ರದ್ದಾದ ಮೇಲೆ 826 ಜನ ಸಹಿ ಹಾಕಿ ಒಬ್ಬರನ್ನು ತಮ್ಮ ನಾಯಕ ಎಂದು ಒಪ್ಪಿಕೊಂಡರು. ಆತ ಈಸ್ಟ್ ಇಂಡಿಯಾ ಕಂಪನಿಗಾಗಿ ಬಂಗಾಳದಲ್ಲಿ ಕೆಲಸ ಮಾಡಿ ಬಂದವರು. ಹೆಸರು ಜಾನ್ ಮರ್ರೆ. ಮ್ಯಾಕ್‌ಗ್ರೆಗರ್‌ಗಳ ನಾಯಕ, ಹೆಸರು ಮರ್ರೆ! ಇದನ್ನು ಓದುಗರಿಗೆ ಹೇಳದೆ ಹೇಗೆ ಬಿಟ್ಟಿರಿ?

ಸಂಗೀತಗಾರ ಎಡ್ವರ್ಡ್ ಗ್ರೀಗ್ ಈ ಕುಲದವರು ಎಂಬ ಸಾಲು ಸಡಿಲವಾಗಿದೆ. ಅವರ ಮುತ್ತಜ್ಜ ಸ್ಕಾಟ್ಲೆಂಡಿನಿಂದ ನಾರ್ವೆಯ ಬರ್ಗೆನ್‌ಗೆ ಹೋದದ್ದು ಸರಿ. ಗ್ರೆಗರ್‌ನಿಂದಲೇ ಗ್ರೀಗ್ ಬಂತು ಎಂಬುದೂ ಸರಿ. ಆದರೆ ಗ್ರೆಗರ್ ಎನ್ನುವುದು ಯುರೋಪಿನ ತುಂಬ ಇದ್ದ ಕ್ರೈಸ್ತ ಹೆಸರು. ಅಷ್ಟಕ್ಕೇ ಕುಲ ಕಟ್ಟಲಾಗದು, ಅಲ್ವಾ? ಹಾಗೆಯೇ ಇವತ್ತಿನ ಡ್ರಮಂಡ್‌ಗಳೆಲ್ಲ ಅಡಗಿಕೊಂಡ ಮ್ಯಾಕ್‌ಗ್ರೆಗರ್‌ಗಳೂ ಅಲ್ಲ. ಸ್ಕಾಟ್ಲೆಂಡಿನಲ್ಲಿ 1855ರಿಂದ ಜನನ-ಮರಣದ ಸರ್ಕಾರಿ ನೋಂದಣಿ ಇದೆ, ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕ. ಒಂದೊಂದು ಮನೆಯನ್ನೂ ಹಾಗೆ ಹಿಂದಕ್ಕೆ ಹುಡುಕಿಕೊಂಡು ಹೋಗಬೇಕು.

ಪಾಟೀಲ, ಕುಲಕರ್ಣಿ ಹೆಸರುಗಳ ಜೊತೆಗಿನ ಹೋಲಿಕೆ ಸುಮ್ನೆ ತುರುಕಿದ ಹಾಗಿದೆ, ಬೇಡ. ‘ಸಾವಿರ ವರ್ಷದ ಟಾರ್ಟನ್ ಬಟ್ಟೆ’ಯೂ ಬೇಡ. ಕುಲಕ್ಕೊಂದು ಚೌಕಳಿ ಎಂಬ ಪದ್ಧತಿ ಗಟ್ಟಿಯಾದದ್ದು 1822ರಲ್ಲಿ ಬ್ರಿಟನ್ನಿನ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದ ಸುಮಾರಿಗೆ.

ಸಾವಿರದ ಇನ್ನೂರು ಪದಗಳ ಒಳಗೆ ಬರೆದು ಕಳಿಸಿ. ಬಾಲ್‌ವಿಡರ್‌ನ ರಾಬ್ ರಾಯ್ ಸಮಾಧಿಯ ಚಿತ್ರ ನೀವೇ ತೆಗೆದದ್ದಾದರೆ ಅದನ್ನೂ ಸೇರಿಸಿ. ಅಂತರ್ಜಾಲದಿಂದ ಇಳಿಸಿಕೊಂಡದ್ದಾದರೆ ಬೇಡ.

ಇಂತಿ,
ಸಂಪಾದಕ