ಓದುಗರ ಕಟ್ಟೆ: ಕಥಾಸಾರ ಬೇಡ, ಪುಟ ತೆರೆಯಿರಿ

ಪ್ರಶ್ನೆ: ನಾವು ಹತ್ತು ಮಂದಿ ತಿಂಗಳಿಗೊಮ್ಮೆ ಒಬ್ಬರ ಮನೆಯ ಜಗಲಿಯಲ್ಲಿ ಸೇರಿ, ಈಚೆಗೆ ಓದಿದ ಪುಸ್ತಕಗಳ ಬಗ್ಗೆ ಮಾತನಾಡುತ್ತೇವೆ. ಒಬ್ಬೊಬ್ಬರೂ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸುವಷ್ಟರಲ್ಲಿ ಹೊತ್ತು ಸರಿದಿರುತ್ತದೆ. ‘ಚೆನ್ನಾಗಿದೆ, ಎಲ್ಲರೂ ಓದಲೇಬೇಕು’ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಅಭಿಪ್ರಾಯ ಎಂದರೆ ಇಷ್ಟೇನೇ?
– ಓದುಗರೊಬ್ಬರು, ಸಾಗರ

ಉತ್ತರ: ಕಥೆ ಹೇಳುತ್ತಾ ಹೋದರೆ ಅಭಿಪ್ರಾಯ ಹೇಳುವ ಕಷ್ಟ ತಪ್ಪುತ್ತದೆ, ಅದಕ್ಕೇ ನಾವೆಲ್ಲರೂ ಕಥೆ ಹೇಳುತ್ತೇವೆ. ನಮ್ಮ ಬಳಗದಲ್ಲಿ ಒಮ್ಮೆ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯನ್ನು ಪರಿಚಯಿಸುವ ಸರದಿ ನನ್ನದಾಗಿತ್ತು. ಗುತ್ತಿ ಮತ್ತು ತಿಮ್ಮಿ, ಐತ ಮತ್ತು ಪೀಂಚಲು, ಮುಕುಂದಯ್ಯ ಮತ್ತು ಚಿನ್ನಮ್ಮ ಎಂದು ಜೋಡಿಗಳನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾ ಮುಕ್ಕಾಲು ಗಂಟೆ ಕಳೆದೆ. ಕೇಳುತ್ತಿದ್ದವರಿಗೆ ಯಾರು ಯಾರ ಮನೆಯವರೆಂಬುದೇ ಗೊಂದಲವಾಯಿತು. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಎಂದು ಲೇಖಕರೇ ಆರಂಭದಲ್ಲಿ ಬರೆದಿಟ್ಟಿರುವ ಪುಸ್ತಕಕ್ಕೆ ಕಥಾಸಾರ ಹೇಳಹೊರಟಿದ್ದು ನನ್ನ ತಪ್ಪು, ಏಕೆಂದರೆ ಸಾರ ಹೇಳಬೇಕಾದರೆ ಯಾರನ್ನಾದರೂ ಅಮುಖ್ಯರೆಂದು ಬಿಡಲೇಬೇಕಾಗುತ್ತದೆ. ಅದೇ ಪುಸ್ತಕವನ್ನು ಓದಿದ್ದ ತರುಣಿಯೊಬ್ಬಳು ನನ್ನ ಪಾಡು ನೋಡಲಾರದೆ, ‘ಹುಲಿಯ’ ಎಂಬ ಹೆಸರಿನ ಗುತ್ತಿಯ ನಾಯಿ ಬರುವ ಒಂದು ಪುಟವನ್ನು ತೆರೆದು ಅರ್ಧ ಪುಟದಷ್ಟು ಓದಿದಳು. ಬಳಿಕ, ‘ಇಷ್ಟು ಜನರಿರುವ ಕಾದಂಬರಿಯಲ್ಲಿ ನಾಯಿಯೊಂದಕ್ಕೆ ಇಷ್ಟು ಜಾಗ ಏಕೆ?’ ಎಂದು ಕೇಳಿದಳು. ಅಲ್ಲಿಂದ ಮಾತು ಗುತ್ತಿಯ ಜಾತಿಗೆ, ಅವನನ್ನು ಆಳುವ ಒಡೆಯರ ಮನೆಗಳಿಗೆ, ಕಾಡಿಗೆ ಹರಿಯಿತು. ಪುಸ್ತಕ ಓದದವರೂ ಪ್ರಶ್ನೆ ಕೇಳಿದರು.

ಆದ್ದರಿಂದ ನಿಮ್ಮ ಜಗಲಿಯಲ್ಲಿ ಒಂದು ಕಟ್ಟಳೆ ಮಾಡಿಕೊಳ್ಳಿ: ಕಥೆಗೆ ಎರಡು ಮೂರು ವಾಕ್ಯ ಸಾಕು, ಆಮೇಲೆ ನಿಮ್ಮನ್ನು ನಿಲ್ಲಿಸಿದ ಒಂದು ಪುಟ, ಅದು ಮೆಚ್ಚಿದ್ದಾದರೂ ಸರಿ, ಸಿಟ್ಟು ತರಿಸಿದ್ದಾದರೂ ಸರಿ. ಓದುವಾಗಲೇ ಅಂಚಿನಲ್ಲಿ ಪೆನ್ಸಿಲಿನಿಂದ ಸಣ್ಣ ಗೆರೆ ಎಳೆದುಕೊಂಡರೆ ಹುಡುಕಾಟ ತಪ್ಪುತ್ತದೆ. ಗ್ರಂಥಾಲಯದ ಪ್ರತಿಯಾದರೆ ಚೀಟಿ ಇಡಿ. ಹಿಂದಿನವರ ಗೆರೆಗಳ ನಡುವೆ ಓದುವ ಹಿಂಸೆ ನನಗೆ ಗೊತ್ತು.

ಪ್ರಶ್ನೆ: ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ ಓದುತ್ತಿದ್ದೆ. ಗೆಳೆಯರೊಬ್ಬರು ಅಭಿಪ್ರಾಯ ಹೇಳುವ ಉತ್ಸಾಹದಲ್ಲಿ ಕೊನೆಯನ್ನೇ ಹೇಳಿಬಿಟ್ಟರು. ಇನ್ನು ಓದಬೇಕೆ?
– ಓದುಗರೊಬ್ಬರು, ಹಾಸನ

ಉತ್ತರ: ಅಗತ್ಯವಾಗಿ ಓದಿ. ಹಾರುವ ಓತಿ ಸಿಕ್ಕಿತೋ ಇಲ್ಲವೋ ಎಂಬುದೊಂದೇ ಆ ಕಾದಂಬರಿಯ ಆಕರ್ಷಣೆಯಾಗಿದ್ದರೆ, 1980ರಲ್ಲಿ ಬಂದ ಪುಸ್ತಕವನ್ನು ಜನ ಇಂದಿಗೂ ಎರಡನೆಯ, ಮೂರನೆಯ ಬಾರಿ ಓದುತ್ತಿರಲಿಲ್ಲ. ವಿಜ್ಞಾನಿಯೊಬ್ಬರು ಹಳ್ಳಿಗ ಮಂದಣ್ಣನಂಥವನ ಮಾತಿಗೆ ಕಿವಿಗೊಡುವ ರೀತಿಯನ್ನು ಗಮನಿಸಿ ಓದಿ. ಗೆಳೆಯರಿಗೆ ಮಾತ್ರ ಬೇರೆ ಮಾತು: ಕೊನೆ ಹೇಳುವ ಮುನ್ನ ‘ಯಾರಾದರೂ ಇನ್ನೂ ಓದುತ್ತಿದ್ದೀರಾ?’ ಎಂದು ಕೇಳುವುದು ಸೌಜನ್ಯ.

ಪ್ರಶ್ನೆ: ಬಾನು ಮುಷ್ತಾಕ್ ಅವರ ಕಥೆಗಳನ್ನು ನಾನು ಕನ್ನಡದಲ್ಲಿ ಓದಿದ್ದೇನೆ. ಬೆಂಗಳೂರಿನಲ್ಲಿ ಬೆಳೆದ ನನ್ನ ಮಗಳು ಇಂಗ್ಲಿಷಿನ ‘ಹಾರ್ಟ್ ಲ್ಯಾಂಪ್’ ಓದಿದ್ದಾಳೆ. ನಾವಿಬ್ಬರೂ ಒಂದೇ ಪುಸ್ತಕದ ಬಗ್ಗೆ ಮಾತನಾಡುತ್ತಿದ್ದೇವೆಯೇ?
– ಓದುಗರೊಬ್ಬರು, ಮೈಸೂರು

ಉತ್ತರ: ಒಂದೇ ಕಥೆಗಳು, ಆದರೆ ಎರಡು ಪುಸ್ತಕಗಳು. 1990ರಿಂದ 2023ರವರೆಗೆ ಬರೆದ ಕಥೆಗಳಲ್ಲಿ ಹನ್ನೆರಡನ್ನು ಆಯ್ದು ದೀಪಾ ಭಾಸ್ತಿ ಅನುವಾದಿಸಿದ ಆ ಸಂಕಲನಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ, ಐವತ್ತು ಸಾವಿರ ಪೌಂಡುಗಳ ಬಹುಮಾನವು ಲೇಖಕಿಗೂ ಅನುವಾದಕಿಗೂ ಸಮನಾಗಿ ಹಂಚಿಕೆಯಾಯಿತು. ಅನುವಾದಕರ ಪಾಲು ಎಷ್ಟೆಂಬುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಸಿಗದು. ತಾಯಿ–ಮಗಳು ಶೀರ್ಷಿಕೆಯಿಂದಲೇ ಮಾತು ಆರಂಭಿಸಬಹುದು. ‘ಎದೆಯ ಹಣತೆ’ ಎಂದಾಗ ನಿಮಗೆ ಅಂಗೈಯಲ್ಲಿ ಹಿಡಿಯುವ ಮಣ್ಣಿನ ಬಟ್ಟಲು, ಎಣ್ಣೆ, ಗಾಳಿಗೆ ಒಲೆಯುವ ಬತ್ತಿ ಕಾಣುತ್ತವೆ. ‘ಲ್ಯಾಂಪ್’ ಎಂದಾಗ ಮಗಳಿಗೆ ಏನು ಕಾಣುತ್ತದೆ ಎಂದು ಕೇಳಿ. ಮೇಜಿನ ಮೇಲಿನ ದೀಪವೂ ಇರಬಹುದು, ಲಾಟೀನೂ ಇರಬಹುದು. ನಷ್ಟದ ಪಟ್ಟಿಯನ್ನಷ್ಟೇ ಮಾಡುತ್ತಾ ಕೂರಬೇಡಿ. ಕನ್ನಡ, ಉರ್ದು, ಅರಬ್ಬಿ ಮಾತುಗಳನ್ನು ಓರೆ ಅಕ್ಷರಗಳಲ್ಲಿ ಬೇರೆಯಾಗಿ ತೋರಿಸದೆ, ಅಡಿಟಿಪ್ಪಣಿಯನ್ನೂ ಹಾಕದೆ ಇಂಗ್ಲಿಷಿನ ಸಾಲುಗಳಲ್ಲೇ ಕೂರಿಸಿರುವುದು ಅನುವಾದಕಿಯ ದಿಟ್ಟತನ. ಅಂಥ ಮಾತು ಎದುರಾದಾಗ ಮಗಳು ಎಡವಿದಳೋ, ಸರಾಗವಾಗಿ ದಾಟಿದಳೋ ಎಂಬುದನ್ನು ನೀವು ಕನ್ನಡ ಪುಟವನ್ನು ಎದುರಿಗಿಟ್ಟುಕೊಂಡು ಕೇಳಿದರೆ, ನಿಮ್ಮ ಓದಿಗೆ ಸಿಗದ ಒಂದು ಸಂಗತಿ ಅವಳಿಂದ ನಿಮಗೆ ಸಿಕ್ಕೀತು.

ಪ್ರಶ್ನೆ: ಎಲ್ಲರೂ ಹೊಗಳಿದ ಪುಸ್ತಕ ನನಗೆ ಹಿಡಿಸಲಿಲ್ಲ. ಹೇಳಲು ಸಂಕೋಚ.
– ಓದುಗರೊಬ್ಬರು, ಧಾರವಾಡ

ಉತ್ತರ: ಹೇಳಿ, ಎಲ್ಲಿ ಹಿಡಿಸಲಿಲ್ಲ ಎಂಬುದನ್ನು ಪುಟ ಸಮೇತ ಹೇಳಿ. ‘ಬೋರು’ ಎಂದರೆ ಜಗಳ. ‘ಈ ಅಧ್ಯಾಯದಲ್ಲಿ ಎಲ್ಲ ಪಾತ್ರಗಳೂ ಲೇಖಕರಂತೆಯೇ ಮಾತನಾಡುತ್ತವೆ’ ಎಂದರೆ ಚರ್ಚೆ.

ಪ್ರಶ್ನೆ: ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು ಹತ್ತು ಪುಟಕ್ಕೆ ಬಿಟ್ಟೆ, ಆಡುನುಡಿ ಅರ್ಥವಾಗಲಿಲ್ಲ. ಅರ್ಧಕ್ಕೆ ಬಿಟ್ಟವರಿಗೆ ಅಭಿಪ್ರಾಯ ಹೇಳುವ ಹಕ್ಕಿದೆಯೇ?
– ಓದುಗರೊಬ್ಬರು, ಉಡುಪಿ

ಉತ್ತರ: ಇದೆ, ಹತ್ತನೆಯ ಪುಟಕ್ಕೆ ಬಿಟ್ಟೆ ಎಂಬುದನ್ನು ಮೊದಲು ಹೇಳಿದರಾಯಿತು. ನಿಮ್ಮದು ಪುಸ್ತಕದ ಮೇಲಿನ ತೀರ್ಪಲ್ಲ, ಕರಾವಳಿಯ ಕಿವಿಗೆ ನಂಜನಗೂಡು ಸೀಮೆಯ ಮಾತು ಬಿದ್ದಾಗ ಆಗುವ ಅನುಭವ, ಮತ್ತು ಅದು ಬಳಗಕ್ಕೆ ಬೇಕಾದ ಮಾಹಿತಿಯೇ. ಮಂಚ ಮಾತನಾಡುವ, ದೀಪದ ಜೋತಮ್ಮಂದಿರು ಸೇರಿ ಹರಟುವ ಆ ಗದ್ಯವನ್ನು ಕಣ್ಣಿಗಿಂತ ಕಿವಿ ಬೇಗ ಹಿಡಿಯುತ್ತದೆ. ನಿಮ್ಮ ಬಳಗದಲ್ಲಿ ಆ ಕಡೆಯವರು ಯಾರಾದರೂ ಇದ್ದರೆ, ಮುಂದಿನ ತಿಂಗಳು ಮೊದಲ ಎರಡು ಪುಟಗಳನ್ನು ಅವರ ಬಾಯಲ್ಲಿ ಓದಿಸಿ ಕೇಳಿ, ಹನ್ನೊಂದನೆಯ ಪುಟದ ಬಗ್ಗೆ ಆಮೇಲೆ ನಮಗೆ ಬರೆಯಿರಿ.