ಹೊಸನಗರದ ಯುವಕರಿಗೆ ಬೇರೆ ಕ್ಲಬ್ ಬೇಡ, ಸ್ಯಾಟಲೈಟ್ ಕ್ಲಬ್ ಸಾಕು

ನಮಸ್ಕಾರ ಸರ್. ತೀರ್ಥಹಳ್ಳಿಯ ನಿಮ್ಮ ರೋಟರಿ ಕ್ಲಬ್ಬಿನ ರಾತ್ರಿ ಸಭೆಗೆ ಹೊಸನಗರದ ಕಡೆಯ ಯುವಕರಿಗೆ ಬರಲಾಗುತ್ತಿಲ್ಲ, ಅವರಿಗೆ ಬೇರೆ ಕ್ಲಬ್ಬೇ ಮಾಡಬೇಕಾ ಎಂದು ಕೇಳಿದ್ದೀರಿ. ಬೇಡ. ಹೊಸ ಕ್ಲಬ್ಬಿಗೆ 20 ಜನ ಬೇಕು, ಸ್ಯಾಟಲೈಟ್ ಕ್ಲಬ್ಬಿಗೆ, ಅಂದರೆ ನಿಮ್ಮ ಕ್ಲಬ್ಬಿನ ಅಡಿಯಲ್ಲೇ ಇದ್ದು ಬೇರೆಯಾಗಿ ಸಭೆ ಸೇರುವ ಗುಂಪಿಗೆ, 8 ಜನ ಸಾಕು.

ದುಡ್ಡಿನ ವಿಷಯ ಮೊದಲೇ ಬಿಡಿಸಿ ಹೇಳಿ. ಸ್ಯಾಟಲೈಟ್ ಸದಸ್ಯರು ನಿಮ್ಮ ಕ್ಲಬ್ಬಿನ ಸದಸ್ಯರೇ ಆಗಿರುವುದರಿಂದ ಅಂತರರಾಷ್ಟ್ರೀಯ ಶುಲ್ಕ ಎಲ್ಲರಷ್ಟೇ ಬರುತ್ತದೆ. ಇಳಿಸಬಹುದಾದ್ದು ಸ್ಥಳೀಯ ವಂತಿಗೆ ಮತ್ತು ಊಟದ ಖರ್ಚು ಮಾತ್ರ. ಈ ಶುಲ್ಕಕ್ಕೆ ರೋಟರಿ ಕಳಿಸುವ ಜನವರಿ, ಜುಲೈ ಬಿಲ್ಲಿಗೆ ಮುಂಚೆಯೇ ಬಿಟ್ಟವರ ಹೆಸರು ತೆಗೆಸಿ, ಇಲ್ಲವಾದರೆ ಅವರ ಪಾಲೂ ಕ್ಲಬ್ಬಿನ ತಲೆಗೇ.

ನಿಮ್ಮ ಬೋರ್ಡಿನಲ್ಲಿ ಠರಾವು ಮಾಡಿ, ರೋಟರಿಯ ಜಿಲ್ಲಾ ಗವರ್ನರ್‌ಗೆ ತಿಳಿಸಿ, ಅರ್ಜಿ ಕಳಿಸಿ. ಆ ಯುವಕರಿಗೆ ಅವರದೇ ಅಧ್ಯಕ್ಷ, ಸಣ್ಣ ಸಮಿತಿ ಇರಲಿ. ತಿಂಗಳಿಗೆ ಎರಡು ಸಭೆ ಸಾಕು. ಒಂದು ಸೇವಾ ಕೆಲಸವೇ ಆಗಲಿ, ಅದೂ ಸಭೆಯ ಲೆಕ್ಕಕ್ಕೆ ಬರುತ್ತದೆ. ಇನ್ನೊಂದನ್ನು ಮೊಬೈಲಿನಲ್ಲೇ ನಡೆಸಬಹುದು, ಆದರೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ನಂಬಬೇಡಿ. ಅಡಿಕೆ ಕೊಯ್ಲು, ಸುಲಿತದ ತಿಂಗಳುಗಳಲ್ಲಿ ಶುರು ಮಾಡಿದರೆ ಯಾರೂ ಸಿಗುವುದಿಲ್ಲ.

ಇಂಥ ಗುಂಪುಗಳು ಹೆಚ್ಚಾಗಿ ಒಡೆಯುವುದು ಹಿರಿಯರು ಅವರನ್ನು ಕುರ್ಚಿ ಹಾಕಲು, ಬ್ಯಾನರ್ ಕಟ್ಟಲು ಮಾತ್ರ ಕರೆದಾಗ. ಮೊದಲ ಯೋಜನೆಯನ್ನು ಅವರೇ ಆರಿಸಲಿ, ಅದರ ಹಣವನ್ನು ಅವರೇ ಖರ್ಚು ಮಾಡಿ ಲೆಕ್ಕ ಕೊಡಲಿ. ನಿಮ್ಮಿಂದ ಒಬ್ಬರು ಸಂಪರ್ಕಕ್ಕಿದ್ದರೆ ಸಾಕು, ದಯವಿಟ್ಟು ನಾಲ್ಕು ಜನ ಹೋಗಿ ಕೂರಬೇಡಿ.